ಓದುಗರ ಸ್ಪಂದನ: ಮಗಳ ಪುಸ್ತಕ ಅಪ್ಪ ಓದಿದರೆ ನಗೋದ್ಯಾಕೆ?

ಹೋದ ಸಲ ಸೋಮವಾರಪೇಟೆ ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದರು: "ನನಗೆ 47. ಸಣ್ಣ ಕಾಫಿ ತೋಟ ಇದೆ. ಜುಲೈ ಮಳೆಗೆ ಐದು ದಿನ ಕರೆಂಟ್ ಇರಲಿಲ್ಲ. ಹಾಸ್ಟೆಲಿನಲ್ಲಿರುವ ಮಗಳ ಕಪಾಟಿನಿಂದ ಹ್ಯಾರಿ ಪಾಟರ್, ಅದೇ ಪೊರಕೆ ಮೇಲೆ ಹಾರುವ ಮಾಂತ್ರಿಕ ಹುಡುಗನ ಕಥೆ, ತೆಗೆದು ಸುಮ್ನೆ ಓದೋಕೆ ಕೂತೆ. ಈಗ ಏಳರಲ್ಲಿ ಐದು ಮುಗಿದಿದೆ. ಭಾವಮೈದ ಮದುವೆಮನೆಯಲ್ಲಿ ಎಲ್ಲರೆದುರು, 'ಭಾವ ಇನ್ನು ಪೊರಕೆ ಮೇಲೆ ಕೂತು ತೋಟ ಸುತ್ತುತ್ತಾರೆ' ಅಂದ. ಅವತ್ತಿಂದ ಪುಸ್ತಕಕ್ಕೆ ಪೇಪರ್ ಸುತ್ತಿ ಓದುತ್ತಿದ್ದೇನೆ. ಈ ವಯಸ್ಸಿಗೆ ಇದು ಸರಿಯಾ?"

ಬಂದ ಉತ್ತರಗಳಲ್ಲಿ ಕೆಲವು:

ಅಣ್ಣಾ, ಆ ಪೇಪರ್ ಮೊದಲು ಬಿಚ್ಚಿ. ನಿಮ್ಮ ಭಾವಮೈದ ಮಡಿಕೇರಿ ದಸರಾಕ್ಕೆ ಬರುವುದಿಲ್ವಾ? ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪ, ಅಂದರೆ ದೇವರ ಕಥೆ ತೋರಿಸುವ ಆಡುವ ಬೊಂಬೆಗಳ ಮೆರವಣಿಗೆ, ಹೊರಡುತ್ತವಲ್ಲ, ಬೆಳಗಿನ ಜಾವದವರೆಗೆ ಚಳಿಯಲ್ಲಿ ಕೈ ಉಜ್ಜಿಕೊಂಡು ರಸ್ತೆಯಲ್ಲಿ ನಿಲ್ಲುವವರು ಯಾರು? ಮಕ್ಕಳು ಹನ್ನೊಂದಕ್ಕೆಲ್ಲ ಹೆಗಲ ಮೇಲೆ ನಿದ್ದೆ ಹೋಗಿರುತ್ತವೆ. ಬಾಯಿ ಬಿಟ್ಟುಕೊಂಡು ನೋಡುವವರೆಲ್ಲ ಮೀಸೆ ನರೆತವರೇ. ಅಸುರ ಎದ್ದು ಕಣ್ಣು ತಿರುಗಿಸುತ್ತಾನೆ, ಹೊಗೆ ಏಳುತ್ತೆ, ದೇವಿ ಮೇಲಿಂದ ಇಳಿಯುತ್ತಾಳೆ. ಒಳಗೆ ಮೋಟಾರ್ ಇದೆ, ಹಿಂದೆ ಜನರೇಟರ್ ಬಡಕೊಳ್ಳುತ್ತಿದೆ ಅಂತ ಎಲ್ಲರಿಗೂ ಗೊತ್ತು. ಆದರೂ ಶಿಳ್ಳೆ ಬೀಳುತ್ತೆ. ಹೋದ ವರ್ಷ ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬರು ಅಜ್ಜ ಒಂದು ಮಂಟಪದ ಅಸುರ ಸರಿಯಾಗಿ ಬೀಳಲಿಲ್ಲ ಅಂತ ಅರ್ಧ ಗಂಟೆ ಬೈದರು. ಅವರಿಗೆ ಯಾರೂ ವಯಸ್ಸು ಕೇಳಲಿಲ್ಲ. ಬಯಲಲ್ಲಿ ನೋಡಿದರೆ ಹಬ್ಬ, ಪುಸ್ತಕದಲ್ಲಿ ಓದಿದರೆ ಹುಡುಗಾಟ, ಇದ್ಯಾವ ಲೆಕ್ಕ?
— ಗೃಹಿಣಿ, ಮಡಿಕೇರಿ

ನಾನು ಬೇರೆಯವರ ಹಾಗೆ ಬೆನ್ನು ತಟ್ಟುವುದಿಲ್ಲ. ಓದಿ, ಬೇಡ ಅನ್ನಲ್ಲ. ಆದರೆ 47ಕ್ಕೆ ಓದು ಶುರು ಮಾಡಿದವರು ಅಲ್ಲೇ ಕೂತುಬಿಟ್ಟರೆ ನನಗೆ ಬೇಜಾರು. ಈ ಥರದ ಪುಸ್ತಕ ಓದಿಸಿಕೊಂಡು ಹೋಗುತ್ತೆ, ನಾವು ಕಷ್ಟಪಡಬೇಕಿಲ್ಲ. ಅದು ಅದರ ಗುಣ, ಅದೇ ಅದರ ತೊಂದರೆ. ಇನ್ನೊಂದು ಸಿಟ್ಟೂ ಇದೆ. ಪಂಜೆ ಮಂಗೇಶರಾಯರು ಇದೇ ಮಡಿಕೇರಿಯಲ್ಲಿ ಮೇಷ್ಟ್ರಾಗಿದ್ದವರು, 'ನಾಗರ ಹಾವೆ' ಬರೆದವರು. ನಿಮ್ಮ ಮಗಳ ಕಪಾಟಿನಲ್ಲಿ ಅವರ ಒಂದು ಪುಸ್ತಕ ಇದೆಯಾ? ಇದ್ದರೆ ನನ್ನ ಮಾತು ವಾಪಸ್.
— ನಿವೃತ್ತ ಶಿಕ್ಷಕ, ವಿರಾಜಪೇಟೆ

ಪೇಪರ್ ಸುತ್ತಿದ್ದು ನೀವೊಬ್ಬರೇ ಅಲ್ಲ ಸರ್! ಈ ಸರಣಿಯ ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಇಂಗ್ಲೆಂಡಿನಲ್ಲಿ. ಮರುವರ್ಷವೇ ಪ್ರಕಾಶಕರು ದೊಡ್ಡವರಿಗಂತಲೇ ಬೇರೆ ಮುಖಪುಟ ಹಾಕಿ ಅದನ್ನೇ ಮಾರಿದರು. ಒಳಗೆ ಒಂದಕ್ಷರ ಬದಲಿಲ್ಲ, ಹೊರಗೆ ಮಾತ್ರ ಗಂಭೀರ. ರೈಲಿನಲ್ಲಿ ನಾಚಿಕೆಯಿಲ್ಲದೆ ಓದಲಿ ಅಂತ. ಅಮೆರಿಕದಲ್ಲಿ ಇನ್ನೂ ತಮಾಷೆ. ಜಾಸ್ತಿ ಮಾರಾಟವಾಗುವ ಕಾದಂಬರಿಗಳ ಪಟ್ಟಿಯಲ್ಲಿ ಇವು ಮೇಲೆ ಕೂತು ಇಳಿಯಲೇ ಇಲ್ಲ ಅಂತ, 2000ದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮಕ್ಕಳ ಪುಸ್ತಕಕ್ಕೆ ಬೇರೆ ಪಟ್ಟಿಯನ್ನೇ ಮಾಡಿತು. ನಮ್ಮ ಅಂಗಡಿಯಲ್ಲಿ "ಮಗನಿಗೆ" ಅಂತ ಹೇಳಿ ಒಯ್ಯುವ ಗಿರಾಕಿಗಳು ವಾರಕ್ಕೊಮ್ಮೆ ಬಂದು ಮುಂದಿನ ಭಾಗ ಕೇಳುತ್ತಾರೆ. ಯಾವ ಮಗ ಅಷ್ಟು ಬೇಗ ಓದುತ್ತಾನೆ ಹೇಳಿ!
— ಪುಸ್ತಕದಂಗಡಿ, ಕುಶಾಲನಗರ

ನಾನು ನರ್ಸ್. ಅಮ್ಮ ತೀರಿಕೊಂಡ ವರ್ಷ ನೈಟ್ ಡ್ಯೂಟಿಯಲ್ಲಿ ಮೊದಲ ಭಾಗ ಓದಿದೆ. ಅದರಲ್ಲಿ ಒಂದು ಕನ್ನಡಿ ಬರುತ್ತೆ, ನಿಮಗೆ ನೆನಪಿರಬೇಕು. ನೋಡುವವರಿಗೆ ಮನಸ್ಸಿನ ಆಸೆಯನ್ನೇ ತೋರಿಸುತ್ತೆ. ಅಪ್ಪ ಅಮ್ಮ ಇಲ್ಲದ ಹುಡುಗ ಅದರಲ್ಲಿ ಅವರನ್ನು ನೋಡುತ್ತಾನೆ, ಮತ್ತೆ ಮತ್ತೆ ಹೋಗಿ ಅದರ ಮುಂದೆ ಕೂರುತ್ತಾನೆ. ಶಾಲೆಯ ಹಿರಿಯರು ಬಂದು, ಸಾಕು, ಇನ್ನು ಇದನ್ನು ಹುಡುಕಬೇಡ ಅನ್ನುತ್ತಾರೆ. ಆಗ ನಾನು ಅಮ್ಮನ ಫೋನಿನಲ್ಲಿದ್ದ ವಿಡಿಯೋ ದಿನಾ ನೋಡುತ್ತಿದ್ದೆ. ಅಡುಗೆಮನೆಯಲ್ಲಿ ಕಡಂಬಿಟ್ಟು ಉಂಡೆ ಕಟ್ಟುತ್ತಾ "ಅದನ್ನು ಆಫ್ ಮಾಡೇ" ಅನ್ನುವ ಹನ್ನೆರಡು ಸೆಕೆಂಡಿನ ವಿಡಿಯೋ. ಆ ಪುಟ ಓದಿ ವಾರ್ಡಿನ ಹೊರಗೆ ಹೋಗಿ ಅತ್ತೆ. ಹತ್ತು ವರ್ಷದ ಮಗು ಓದಿದ್ದರೆ ಕನ್ನಡಿ ಚೆನ್ನಾಗಿದೆ ಅಂತ ಪುಟ ತಿರುಗಿಸುತ್ತಿತ್ತು ಅಲ್ವಾ? ಕೆಲವು ಪುಟಗಳು ಮಕ್ಕಳ ಪುಸ್ತಕದಲ್ಲಿದ್ದರೂ ದೊಡ್ಡವರಿಗೇ ಕಾದಿರುತ್ತವೆ.
— ಗೋಣಿಕೊಪ್ಪ

ಭಾವಮೈದನಿಗೆ ಮೊದಲ ಭಾಗ ಕೊಟ್ಟು ಕಳಿಸಿ. ವಾಪಸ್ ಬರುವುದಿಲ್ಲ, ಮಗಳಿಗೆ ಇನ್ನೊಂದು ಪ್ರತಿ ತೆಗೆದಿಡಿ.
— ನಾಪೋಕ್ಲು

ಅಂಕಲ್, ನಾನೂ ಹಾಸ್ಟೆಲ್ ಹುಡುಗಿ. ನಮ್ಮಪ್ಪ ಫೋನ್ ಮಾಡಿದರೆ ಊಟ ಆಯ್ತಾ, ಫೀಸ್ ಕಟ್ಟಿದ್ಯಾ, ಅಲ್ಲಿಗೆ ಮಾತು ಮುಗೀತು. ನೀವು ಐದು ಭಾಗ ಓದಿದ್ದೀರಿ ಅಂತ ಮಗಳಿಗೆ ಹೇಳಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಆರನೆಯದನ್ನು ರಾತ್ರಿ ಮುಗಿಸಬೇಡಿ, ಕೊನೆಗೆ ಯಾರಿಗಾದರೂ ಫೋನ್ ಮಾಡಲೇಬೇಕು ಅನ್ನಿಸುತ್ತೆ, ನಮ್ಮ ಹಾಸ್ಟೆಲಿನ ಹಾಗೇ ಅವಳ ಹಾಸ್ಟೆಲಿನಲ್ಲೂ ಒಂಬತ್ತರ ಮೇಲೆ ಮೊಬೈಲ್ ಕೊಡುವುದಿಲ್ಲವೋ ಏನೋ. ಭಾನುವಾರ ಬೆಳಿಗ್ಗೆ ಓದಿ.
— ಪಿಯುಸಿ ವಿದ್ಯಾರ್ಥಿನಿ, ಪೊನ್ನಂಪೇಟೆ