ಹೊಸ ಗುಂಪಿನ ಜೊತೆ ಡಿ ಅಂಡ್ ಡಿ ಶುರು ಮಾಡಬೇಕು, ನಿಮ್ಮ ಅನುಭವ ಹೇಳಿ

ಪ್ರಶ್ನೆ: ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದು ಪಾತ್ರವಾಗಿ ಡೈಸ್ ಉರುಳಿಸಿ ಕಥೆ ಕಟ್ಟುವ ಆಟ) ಆಡೋಕೆ ಆಫೀಸಿನ ಐದು ಜನ ಸೇರಿದ್ದೇವೆ, ಯಾರೂ ಮುಂಚೆ ಆಡಿಲ್ಲ. ಡಿಎಂ (ಡಂಜನ್ ಮಾಸ್ಟರ್, ಕಥೆ ನಡೆಸುವವರು) ಆಗೋಕೆ ನಾನು ಒಪ್ಪಿದ್ದೇನೆ. ಭಾನುವಾರ ಮೂರು ಗಂಟೆ ಸಿಗುತ್ತದೆ. ಪುಸ್ತಕ ಕೊಳ್ಳಬೇಕಾ, ಸ್ವಂತ ಕಥೆ ಕಟ್ಟಬೇಕಾ?

ಜಯನಗರದಿಂದ: ಮೊದಲು ದುಡ್ಡಿನ ವಿಷಯ ಕೇಳಿ. ನಾನು ಪ್ಲೇಯರ್ಸ್ ಹ್ಯಾಂಡ್‌ಬುಕ್, ಡಂಜನ್ ಮಾಸ್ಟರ್ಸ್ ಗೈಡ್, ಮಾನ್‌ಸ್ಟರ್ ಮ್ಯಾನುಯಲ್ ಮೂರೂ ಪುಸ್ತಕ ಒಟ್ಟಿಗೆ ತರಿಸಿದೆ, 9,400 ರೂಪಾಯಿ. ಎಲ್ಲರಿಗೂ ಡೈಸ್ ಇರಲಿ ಅಂತ 650ರ ಸೆಟ್ ಐದು. ಮ್ಯಾಟ್ 1,800. ಒಟ್ಟು 14,450, ಲೆಕ್ಕ ಇನ್ನೂ ಫೋನಿನಲ್ಲಿದೆ. ಆಡಿದ್ದು ಮೂರೇ ಭಾನುವಾರ. ಒಬ್ಬನಿಗೆ ಮದುವೆ, ಇನ್ನೊಬ್ಬನಿಗೆ ನೈಟ್ ಶಿಫ್ಟ್, ಅಲ್ಲಿಗೆ ಮುಗೀತು. ಬೇಸಿಕ್ ರೂಲ್ಸ್ ಪುಕ್ಕಟೆ ಸಿಗುತ್ತವೆ ಅಂತ ಆಗ ಒಬ್ಬರೂ ಹೇಳಲಿಲ್ಲ. 2023ರ ಜನವರಿಯಲ್ಲಿ ಎಸ್‌ಆರ್‌ಡಿಯನ್ನೇ (ಆಟದ ಮೂಲ ನಿಯಮಗಳ ದಾಖಲೆ) ಕಂಪನಿಯವರು ಕ್ರಿಯೇಟಿವ್ ಕಾಮನ್ಸ್‌ಗೆ, ಅಂದರೆ ಯಾರು ಬೇಕಾದರೂ ಬಳಸುವ ಲೈಸೆನ್ಸ್‌ಗೆ, ಬಿಟ್ಟರು. ಓದಿದ ದಿನ ಹೊಟ್ಟೆ ಉರಿದುಹೋಯ್ತು.

ಹುಬ್ಬಳ್ಳಿಯಿಂದ: ದುಡ್ಡು ಹೋದರೆ ಹೋಗಲಿ, ನಾನು ಕಳೆದುಕೊಂಡದ್ದು ಆಟಗಾರ್ತಿಯನ್ನು. ಆಡಿದ್ದು 2014ರ ಸ್ಟಾರ್ಟರ್ ಸೆಟ್ (ಹೊಸಬರಿಗೆ ಅಂತ ಬಂದ ಪೆಟ್ಟಿಗೆ), ಕಥೆಯ ಶುರುವಲ್ಲೇ ದಾರಿಯಲ್ಲಿ ಎರಡು ಸತ್ತ ಕುದುರೆ, ಪೊದೆಯಲ್ಲಿ ನಾಲ್ಕು ಗಾಬ್ಲಿನ್ (ಕುಳ್ಳ ರಾಕ್ಷಸರು), ನಿಮಗೆಲ್ಲ ಗೊತ್ತಿರೋದೇ. ನನ್ನ ಚಿಕ್ಕಪ್ಪನ ಮಗಳು ವಿಝರ್ಡ್ (ಮಂತ್ರ ಬಲ್ಲ ಪಾತ್ರ), ಎಚ್‌ಪಿ, ಅಂದರೆ ಪ್ರಾಣಬಲ, 7. ಆ ಪಾತ್ರಕ್ಕೆ ಎರಡು ಪುಟ ಹಿನ್ನೆಲೆ ಕೈಯಲ್ಲೇ ಬರೆದುಕೊಂಡು ಬಂದಿದ್ದಳು, ಶೀಟಿನ ಮೂಲೆಯಲ್ಲಿ ಒಂದು ಗೂಬೆಯ ಚಿತ್ರ. ಗಾಬ್ಲಿನ್ ಬಾಣಕ್ಕೆ ನಾನು ಡೈಸ್ ಉರುಳಿಸಿದೆ, ಎಲ್ಲರ ಎದುರೇ 20 ಬಿತ್ತು, ದೊಡ್ಡ ಏಟು. ಬಾಣದ ಏಟಿಗೆ 5, 4, ಮೇಲೆ 2, ಒಟ್ಟು 11. ಡೆತ್ ಸೇವ್ (ಸಾವಿನಿಂದ ಪಾರಾಗೋಕೆ ಉರುಳಿಸೋ ಡೈಸ್) ಮೂರೂ 10ರ ಒಳಗೆ, ಮೂರೂ ಸೋಲು. ಕ್ಲೆರಿಕ್ (ಗಾಯ ವಾಸಿ ಮಾಡೋ ಪಾತ್ರ) ಹತ್ತಿರ ಬರೋದರೊಳಗೆ ಕಥೆ ಮುಗಿದಿತ್ತು. ಅವಳು ಶೀಟನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು, ಮತ್ತೆ ಬರಲಿಲ್ಲ. ಈಗ ನಾನು ಡೈಸನ್ನು ಯಾರಿಗೂ ಕಾಣದ ಹಾಗೆ ಸ್ಕ್ರೀನ್ ಹಿಂದೆ ಉರುಳಿಸುತ್ತೇನೆ. ಮೊದಲ ಲೆವೆಲ್‌ನಲ್ಲಿ ಯಾರನ್ನೂ ಸಾಯಿಸಲ್ಲ.

ಮೈಸೂರಿನಿಂದ: ಅದು ಮೋಸ ಅಲ್ವಾ? 20 ಬಿದ್ದರೆ 20. ನಮ್ಮ ಟೇಬಲ್ ಮೂರು ವರ್ಷದಿಂದ ನಡೆದಿದೆ, 61 ಸಲ ಕೂತಿದ್ದೇವೆ, ಒಂದು ಡೈಸ್ ಕೂಡ ಮುಚ್ಚಿ ಹಾಕಿಲ್ಲ. ನಮ್ಮ ಪ್ಯಾಲಡಿನ್ (ವ್ರತ ತೊಟ್ಟ ಯೋಧನ ಪಾತ್ರ) ಸತ್ತ ರಾತ್ರಿ ಯಾರೂ ಎದ್ದು ಹೋಗಲಿಲ್ಲ, ಚಹಾ ಆರಿಹೋಗಿತ್ತು. ಇವತ್ತಿಗೂ ಅದನ್ನೇ ಮಾತಾಡುತ್ತೇವೆ. ಮುಚ್ಚಿ ಉರುಳಿಸುವವರ ಜೊತೆ ನಾನಂತೂ ಕೂರಲ್ಲ.

ಹುಬ್ಬಳ್ಳಿಯಿಂದ: ಕೂರಬೇಡ್ರಿ, ಕರೆದವರು ಯಾರು? ನಿಮ್ಮವರು ಹಳೆ ಕೈಗಳು. ಮೊದಲ ದಿನ ಬಂದವಳ ಮುಖ ನೀವು ನೋಡಿಲ್ಲ.

ಮೈಸೂರಿನಿಂದ: ನಮ್ಮಲ್ಲೂ ಇಬ್ಬರು ಹೊಸಬರೇ ಇದ್ದರು. ಪಾತ್ರ ಸಾಯಬಹುದು ಅಂತ ಸೆಷನ್ ಝೀರೋದಲ್ಲೇ (ಆಟ ಶುರುವಾಗೋ ಮುಂಚಿನ ಮಾತುಕತೆ) ಹೇಳಿದ್ದೆ. ನೀವು ಹೇಳಿರಲಿಲ್ಲ, ತಪ್ಪು ಡೈಸ್‌ದಲ್ಲ.

ಶಿವಮೊಗ್ಗದಿಂದ: ಜಗಳ ಆಮೇಲೆ ಆಡಿ. ನಮ್ಮ ತೊಂದರೆ ಭಾಷೆಯದಾಗಿತ್ತು. ಎರಡು ವಾರ ಇಂಗ್ಲಿಷಿನಲ್ಲಿ ಆಡಿದೆವು, ಎಲ್ಲರೂ ಪರೀಕ್ಷೆಗೆ ಕೂತ ಹಾಗೆ ತಲೆ ತಗ್ಗಿಸಿಕೊಂಡೇ ಇರೋರು. ಮೂರನೇ ವಾರ ಸೇತುವೆ ಕಾಯೋ ಗಾಬ್ಲಿನ್ ಕೈಲಿ "ಸುಂಕ ಕೊಟ್ಟು ಹೋಗ್ರೋ" ಅನ್ನಿಸಿದೆ. ಅಲ್ಲಿವರೆಗೆ ಬಾಯೇ ಬಿಡದಿದ್ದ ಗೆಳತಿಯ ಬಾರ್ಬೇರಿಯನ್ (ಕಾಡು ಯೋಧನ ಪಾತ್ರ) ಚೌಕಾಸಿಗೆ ಇಳಿಯಿತು, ಇಪ್ಪತ್ತು ನಿಮಿಷ! ಕೊನೆಗೆ ಎರಡು ಬೆಳ್ಳಿ ನಾಣ್ಯಕ್ಕೆ ಒಪ್ಪಂದ. ಆವತ್ತಿಂದ ಕನ್ನಡ ಬಿಟ್ಟಿಲ್ಲ, ಡೈಸ್‌ಗೂ ದಾಳ ಅಂತಲೇ ಅನ್ನುತ್ತೇವೆ.

ಜಯನಗರದಿಂದ: ದಾಳ ಸರಿ, ಆರ್ಮರ್ ಕ್ಲಾಸ್‌ಗೆ (ಏಟು ತಡೆಯೋ ಅಂಕ) ಏನಂತೀರಿ? ಸೇವಿಂಗ್ ಥ್ರೋಗೆ (ಅಪಾಯದಿಂದ ಪಾರಾಗೋಕೆ ಉರುಳಿಸೋದು)? ಸುಮ್ನೆ ಹೊಸಬರಿಗೆ ಗೊಂದಲ.

ಶಿವಮೊಗ್ಗದಿಂದ: ಆರ್ಮರ್ ಕ್ಲಾಸನ್ನು ಎಸಿ ಅಂತಲೇ ಅನ್ನುತ್ತೇವೆ. ಶೀಟಿನ ಮೇಲಿರೋದು ಬೇರೆ, ಬಾಯಲ್ಲಿ ಬರೋದು ಬೇರೆ. ಮೂರೇ ವಾರ ಆಡಿದವರು ಗೊಂದಲದ ಬಗ್ಗೆ ಹೇಳಬೇಡಿ.

ಜಯನಗರದಿಂದ: ಮೂರೇ ವಾರ ಆಗಿದ್ದು ನನ್ನ ತಪ್ಪಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಮಾಡಿ ಸಾಕಾಗಿತ್ತು. ಪ್ರಶ್ನೆ ಕೇಳಿದವರೇ, ಮಾನ್‌ಸ್ಟರ್ ಮ್ಯಾನುಯಲ್ ಬೇಕಿದ್ದರೆ ಹೇಳಿ. ಮೇಲಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ.