ದಡದಿಂದ ಬಾಸ್ ಹಿಡಿಯಲು ಯಾವ ರೀಲ್ ಕೊಳ್ಳಬೇಕು

ತಮ್ಮಾ, ಡಲ್ಲಾಸಿನ ಕೆರೆಗಳ ದಡದಲ್ಲಿ ನಿಂತು ಬಾಸ್ ಮೀನು ಹಿಡಿಯಲು ಎಲ್ಲ ಕೆಲಸಕ್ಕೂ ಒದಗುವ ಒಂದೇ ಬೇಟ್‌ಕಾಸ್ಟಿಂಗ್ ರೀಲ್ ಯಾವುದು, ಅದನ್ನೇ ಮೇ ತಿಂಗಳಲ್ಲಿ ಊರಿಗೆ ತಂದರೆ ಕಾರವಾರದ ಕಾಳಿ ನದಿಯ ಅಳಿವೆಯಲ್ಲೂ ನಡೆಯುತ್ತದೆಯೇ ಎಂದು ನೀನು ನಿನ್ನೆ ಗುಂಪಿನಲ್ಲಿ ಕೇಳಿದ್ದೆ. ಜೊತೆಗೆ ಹನ್ನೆರಡು ಬೇರಿಂಗ್, 8.2 ಗೇರ್, ಹತ್ತು ಕಿಲೊ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಬಿಗಿಹಿಡಿದು ಬಿಟ್ಟುಕೊಡುವ ಹಿಡಿತ) ಎಂದು ಬರೆದಿದ್ದ ಅಗ್ಗದ ರೀಲೊಂದರ ಚಿತ್ರವನ್ನೂ ಹಾಕಿದ್ದೆ. ಅದನ್ನು ಕೊಳ್ಳಬೇಡ. ಏಕೆಂದು ವಿವರವಾಗಿಯೇ ಹೇಳುತ್ತೇನೆ, ಬಿಡುವು ಮಾಡಿಕೊಂಡು ಕೇಳು.

ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಎಸೆದಾಗ ದಾರ ಸುತ್ತಿರುವ ಉರುಳೆ, ಅಂದರೆ ಸ್ಪೂಲೇ ತಿರುಗುತ್ತದೆ. ಲೂರ್ (ಮೀನನ್ನು ಸೆಳೆಯುವ ಹುಸಿ ಎರೆ) ಗಾಳಿಯಲ್ಲಿ ವೇಗ ಕಳೆದುಕೊಂಡ ಮೇಲೂ ಸ್ಪೂಲ್ ಮೊದಲಿನ ರಭಸದಲ್ಲೇ ಸುತ್ತುತ್ತಿದ್ದರೆ, ಕೊಡ ನೀರು ಮುಟ್ಟಿದ ಮೇಲೂ ಬಾವಿಯ ರಾಟೆ ತಿರುಗಿ ಹಗ್ಗ ಸಡಿಲಾಗುವ ಹಾಗೆ, ತಂಗೂಸಿ ದಾರ ಉಬ್ಬಿ ಎದ್ದು ಬಿಡಿಸಲಾರದ ಸಿಕ್ಕಾಗುತ್ತದೆ. ದೋಣಿಯಲ್ಲಿರುವವನು ಗಾಳಿಗೆ ಬೆನ್ನು ತಿರುಗಿಸಿಕೊಳ್ಳಬಹುದು. ದಡದಲ್ಲಿ ನಿಂತವನಿಗೆ ಆ ಅನುಕೂಲವಿಲ್ಲ. ಲೂಯಿಸ್‌ವಿಲ್ ಕೆರೆಯಂಥ ಬಯಲಿನಲ್ಲಿ ಗಾಳಿ ನೇರವಾಗಿ ಮುಖಕ್ಕೇ ಬೀಸುತ್ತದೆ, ಹಿಂದೆ ಮರದ ಕೊಂಬೆ ಇರುತ್ತದೆ, ಆದ್ದರಿಂದ ಕೋಲನ್ನು ಅಡ್ಡಡ್ಡಲಾಗಿ ಗಿಡ್ಡಕ್ಕೆ ಬೀಸಿ ಎಸೆಯಬೇಕಾಗುತ್ತದೆ. ಹಾಗಾಗಿ ನೀನು ಮೊದಲು ನೋಡಬೇಕಾದದ್ದು ಬ್ರೇಕನ್ನು. ಪಕ್ಕದ ತಟ್ಟೆ ಬಿಚ್ಚದೆ, ಹೊರಗಿನ ಗುಂಡಿಯನ್ನು ಬೆರಳಲ್ಲಿ ತಿರುಗಿಸಿ ಹೆಚ್ಚುಕಡಿಮೆ ಮಾಡುವಂತಿರಬೇಕು. ಡೈವಾ ಕಂಪನಿಯ ಟಟುಲಾದಲ್ಲಿ ಇರುವುದು ಆಯಸ್ಕಾಂತದ ಬ್ರೇಕ್, ಶಿಮಾನೊ ಕಂಪನಿಯ ಎಸ್‌ಎಲ್‌ಎಕ್ಸ್‌ನಲ್ಲಿ ಇರುವುದು ಕೇಂದ್ರಾಪಗಾಮಿ ಬ್ರೇಕ್, ಅಂದರೆ ತಿರುಗುವ ರಭಸಕ್ಕೆ ಹೊರಕ್ಕೆ ಸರಿದು ಒತ್ತಿ ಹಿಡಿಯುವಂಥದ್ದು. ಎರಡರಲ್ಲೂ ಹೊರಗಿನ ಗುಂಡಿಯಿದೆ. ಕೇಂದ್ರಾಪಗಾಮಿ ಬ್ರೇಕಿನ ಹಿಡಿತ ಎಸೆತದ ಆರಂಭದಲ್ಲಿ, ಸ್ಪೂಲ್ ಅತಿ ವೇಗದಲ್ಲಿರುವಾಗ ಬಲವಾಗಿದ್ದು ಆಮೇಲೆ ಬಿಟ್ಟುಕೊಡುತ್ತದೆ. ಆಯಸ್ಕಾಂತದ್ದು ಕೊನೆಯವರೆಗೂ ಹೆಚ್ಚು ಸಮವಾಗಿ ಹಿಡಿದಿರುತ್ತದೆ. ಎದುರುಗಾಳಿಯಲ್ಲಿ ಲೂರ್ ವೇಗ ಕಳೆದುಕೊಳ್ಳುವುದು ನಡುದಾರಿಯಲ್ಲಿ, ಆದ್ದರಿಂದ ಹೊಸ ಕೈಗೆ ಆಯಸ್ಕಾಂತದ್ದೇ ಸುಲಭವೆಂಬುದು ನನ್ನ ಅಭಿಪ್ರಾಯ.

ಯಾವ ಬ್ರೇಕ್ ಇದ್ದರೂ ಹದ ಮಾಡಿಕೊಳ್ಳದಿದ್ದರೆ ಪ್ರಯೋಜನವಿಲ್ಲ. ಲೂರ್ ಕಟ್ಟಿ, ಕೋಲಿನ ತುದಿಗೆ ಎಳೆದುಕೊಂಡು, ಸ್ಪೂಲನ್ನು ಬಿಡುವ ಹೆಬ್ಬೆರಳಿನ ಪಟ್ಟಿ ಒತ್ತಿಬಿಡು. ಲೂರ್ ನಿಧಾನವಾಗಿ ಇಳಿದು ನೆಲ ಮುಟ್ಟಿದ ಕ್ಷಣವೇ ಸ್ಪೂಲ್ ನಿಲ್ಲುವಷ್ಟು ಹಿಡಿಕೆಯ ಪಕ್ಕದ ಟೆನ್ಷನ್ ಗುಂಡಿಯನ್ನು ಬಿಗಿ ಮಾಡು. ಬ್ರೇಕನ್ನು ಮೊದಲು ಪೂರ್ತಿಗೆ ಹತ್ತಿರ ಇಟ್ಟು, ಕೈ ಕುದುರಿದ ಹಾಗೆಲ್ಲ ಒಂದೊಂದೇ ಅಂಕಿ ಇಳಿಸು. ಲೂರ್ ನೀರು ಮುಟ್ಟುವ ಮೊದಲೇ ಹೆಬ್ಬೆರಳು ಸ್ಪೂಲನ್ನು ತಡೆದಿರಬೇಕು. ಲೂರ್ ಬದಲಾಯಿಸಿದರೆ ಟೆನ್ಷನ್ನನ್ನೂ ಮತ್ತೊಮ್ಮೆ ನೋಡಿಕೊಳ್ಳಬೇಕು. 10 ಗ್ರಾಂಗೆ ಹೊಂದಿಸಿದ್ದು 25 ಗ್ರಾಂಗೆ ಹೊಂದುವುದಿಲ್ಲ.

ಗೇರಿನ ಮಾತಿಗೆ ಬಂದರೆ, 8.2 ಎಂದರೆ ಹಿಡಿಕೆ ಒಂದು ಸುತ್ತು ತಿರುಗಿದಾಗ ಸ್ಪೂಲ್ ಎಂಟು ಸುತ್ತಿಗೂ ಮಿಕ್ಕಿ ತಿರುಗುತ್ತದೆ, ಸುಮಾರು 85 ಸೆಂಟಿಮೀಟರ್ ದಾರ ಒಳಗೆ ಬರುತ್ತದೆ. ರಬ್ಬರ್ ಹುಳುವನ್ನು ತಳದಲ್ಲಿ ಆಡಿಸಿ, ಮೀನು ಕಚ್ಚಿದೊಡನೆ ಸಡಿಲ ದಾರವನ್ನು ಸೆಳೆದುಕೊಳ್ಳಲು ಅದು ಒಳ್ಳೆಯದೇ. ಆದರೆ ಆಳಕ್ಕೆ ಮುಳುಗಿ ಬರುವ ಕ್ರ್ಯಾಂಕ್‌ಬೇಟ್ ಎಂಬ ಲೂರನ್ನು ಅದರಲ್ಲಿ ಸುತ್ತಿದರೆ ಮಣಿಕಟ್ಟು ಬಹಳ ಬೇಗ ದಣಿಯುತ್ತದೆ, ಲೂರೂ ಬೇಕಾದುದಕ್ಕಿಂತ ವೇಗವಾಗಿ ಓಡುತ್ತದೆ. 6.3 ಇದಕ್ಕೆ ಸರಿಯಾದದ್ದು, ಹುಳುವಿಗೆ ಮಾತ್ರ ತುಸು ನಿಧಾನ. ಒಂದೇ ಕೋಲು ಹಿಡಿದು ದಡದುದ್ದಕ್ಕೂ ನಡೆಯುವವನಿಗೆ 7ರ ಆಸುಪಾಸಿನ ಗೇರ್ ಸರಿ. ವೇಗ ಬೇಡವಾದಾಗ ಕೈಯನ್ನು ನಿಧಾನ ಮಾಡಬಹುದು.

ಬೇರಿಂಗ್ ಎಷ್ಟಿವೆ ಎಂಬುದಕ್ಕಿಂತ ಸ್ಪೂಲನ್ನು ಹೊತ್ತ ಬೇರಿಂಗ್ ಹೇಗಿದೆ ಎಂಬುದೇ ಎಸೆತಕ್ಕೆ ಮುಖ್ಯ. ಹತ್ತು ಕಿಲೊ ಡ್ರ್ಯಾಗೂ ನಿನಗೆ ಬೇಕಿಲ್ಲ. ದಾರ ತಾಳುವ ತೂಕದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಹೊಂದಿಸುವುದು ವಾಡಿಕೆ. 14 ಪೌಂಡಿನ ದಾರಕ್ಕೆ ಅದು ಎರಡು ಕಿಲೊ ಆಗುತ್ತದೆ.

ದೊಡ್ಡಣ್ಣ ಹಾಕಿದ ಹಳೆಯ ಆಬು ಆಂಬಾಸಡರಿನ ಚಿತ್ರವನ್ನೂ ನೋಡಿದೆ. ಸ್ವೀಡನ್ನಿನ ಕಂಪನಿ 1952ರಲ್ಲಿ ತಂದ ಆ ದುಂಡು ರೀಲಿನ ವಂಶ ಇಂದಿಗೂ ಬಾಳುತ್ತಿದೆ, ನನಗೂ ಅದರ ಮೇಲೆ ಗೌರವವಿದೆ. ಆದರೆ ದಿನವಿಡೀ ಎಸೆಯುವವನ ಅಂಗೈಗೆ ಅದು ಎತ್ತರವೂ ಹೌದು, ಭಾರವೂ ಹೌದು. ಚಪ್ಪಟೆ ಮೈಯ 100 ಅಥವಾ 150 ಅಳತೆಯದನ್ನೇ ತೆಗೆದುಕೋ. ಏಳು ಗ್ರಾಮಿಗಿಂತ ಹಗುರವಾದ ಲೂರ್ ಇಂಥ ರೀಲಿಗೆ ಒಗ್ಗುವುದಿಲ್ಲ. ಅದಕ್ಕೆ ಎಸೆದಾಗ ಸ್ಪೂಲ್ ತಿರುಗದ ನಿನ್ನ ಹಳೆಯ ಸ್ಪಿನ್ನಿಂಗ್ ರೀಲ್ ಇರಲಿ.

ದಾರದಲ್ಲಿ ಮೊದಲು ಅಗ್ಗದ 14 ಪೌಂಡಿನ ಸಾದಾ ನೈಲಾನ್ ಸುತ್ತಿ ಕೈ ಪಳಗಿಸಿಕೋ. ಸಿಕ್ಕಾದರೆ ಕತ್ತರಿಸಿ ಎಸೆಯಲು ಮನಸ್ಸು ಬರುತ್ತದೆ. ಕತ್ತರಿಸಿದ ದಾರ ದಡದಲ್ಲಿ ಉಳಿಯದಂತೆ ಜೇಬಿಗೆ ಹಾಕಿಕೋ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ 30 ಪೌಂಡಿನ ಬ್ರೇಡ್, ಅಂದರೆ ಹೆಣೆದ ದಾರ ಹಾಕು. ಬ್ರೇಡನ್ನು ನೇರವಾಗಿ ಸ್ಪೂಲಿಗೆ ಕಟ್ಟಿದರೆ ಸುತ್ತಿದ್ದೆಲ್ಲ ಒಟ್ಟಾಗಿ ಜಾರುತ್ತದೆ, ಆದ್ದರಿಂದ ಅಡಿಯಲ್ಲಿ ಕೆಲವು ಸುತ್ತು ನೈಲಾನ್ ಇರಲೇಬೇಕು.

ಇನ್ನು ನಮ್ಮ ಕಾಳಿಯ ಪ್ರಶ್ನೆ. ಕೋಡಿಬಾಗದ ಕಡೆ ಅಳಿವೆಯ ನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಸಂದಿನಲ್ಲಿ ಚೊಣಕ ಮೀನು ಕಚ್ಚಿದರೆ, ಮೊದಲ ಎಳೆತಕ್ಕೇ ಅದನ್ನು ಬೇರಿನಿಂದ ಈಚೆಗೆ ತಿರುಗಿಸಬೇಕು. ಆ ಕೆಲಸಕ್ಕೆ ಈ ಅಳತೆಯ ರೀಲ್ ಸಾಕು, ಬ್ರೇಡ್ ಮಾತ್ರ 40 ಪೌಂಡಿನದಾಗಲಿ. ರೀಲಿಗೆ ನಿಜವಾದ ಶತ್ರು ಉಪ್ಪುನೀರು. ಮೆಗ್ನೀಷಿಯಂ ಚೌಕಟ್ಟಿನ ರೀಲ್ ಎಷ್ಟೇ ಹಗುರವಾಗಿದ್ದರೂ ಇಲ್ಲಿಗೆ ಬೇಡ, ಉಪ್ಪು ಅದನ್ನು ತಿನ್ನುತ್ತದೆ, ಅಲ್ಯೂಮಿನಿಯಂ ಇರಲಿ. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿಮಾಡಿ, ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆದು, ಕೊಡವಿ, ಡ್ರ್ಯಾಗ್ ಸಡಿಲಿಸಿ ನೆರಳಲ್ಲಿ ಒಣಗಿಸಬೇಕು. ಬಕೆಟಿನಲ್ಲಿ ಮುಳುಗಿಸಬಾರದು. ದಾರವನ್ನು ಅತ್ತಿತ್ತ ಒಯ್ಯುವ ತಿರುಪಿಗೆ ಒಂದು ಹನಿ ಎಣ್ಣೆ ಬಿಡಬೇಕು. ಮರಳಿನ ಮೇಲೆ ರೀಲನ್ನು ಎಂದೂ ಇಡಬೇಡ.

ಆದ್ದರಿಂದ ಟಟುಲಾ 100 ಅಥವಾ ಎಸ್‌ಎಲ್‌ಎಕ್ಸ್ 150, ಎರಡರಲ್ಲಿ ನಿನ್ನ ಕೈಗೆ ಹಿತವಾದದ್ದನ್ನು 7ರ ಆಸುಪಾಸಿನ ಗೇರಿನಲ್ಲಿ ತೆಗೆದುಕೋ. ಆರ್ಡರ್ ಮಾಡುವಾಗ ಸಂಖ್ಯೆಯನ್ನು ಸರಿಯಾಗಿ ಓದು: ಶಿಮಾನೊದಲ್ಲಿ 150 ಎಂದರೆ ಬಲಗೈ ಹಿಡಿಕೆ, 151 ಎಂದರೆ ಎಡಗೈ, ಡೈವಾದಲ್ಲಿ ಕೊನೆಗೆ ಎಲ್ ಅಕ್ಷರವಿದ್ದರೆ ಎಡಗೈ. ನೀನು ಸ್ಪಿನ್ನಿಂಗ್ ರೀಲನ್ನು ಎಡಗೈಯಲ್ಲೇ ಸುತ್ತುವವನು, ಇದನ್ನೂ ಎಡಗೈಯದ್ದನ್ನೇ ತರಿಸಿಕೋ.