ಗೋಕರ್ಣದಲ್ಲಿ ಇಟ್ಟ ಪಿಂಡ ಸತ್ತವರಿಗೆ ಮುಟ್ಟೋದು ಯಾವ ದಾರಿಯಲ್ಲಿ?

ಅಘನಾಶಿನಿ ದಡ:
ಕೋಟಿತೀರ್ಥದಲ್ಲಿ ಪಿಂಡ ಇಡ್ತೇವೆ, ಎಳ್ಳುನೀರು ಬಿಡ್ತೇವೆ. ಅನ್ನ ಕಾಗೆಗೋ ಮೀನಿಗೋ ಹೋಗ್ತದೆ, ನೀರು ನೀರಿಗೆ ಸೇರ್ತದೆ. ದೇಹವೇ ಇಲ್ಲದ ಆತ್ಮಕ್ಕೆ ಇದರಲ್ಲಿ ಸಿಕ್ಕಿದ್ದೇನು? "ನಂಬಿಕೆ ಇದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ" ಅನ್ನೋ ಉತ್ತರ ಬೇಡ ಮಾರಾಯ್ರೆ. ಶಾಸ್ತ್ರದ ಒಳಗೇ ನಿಂತು ಹೇಳಿ: ಜಡವಾದ ಅನ್ನಕ್ಕೂ ಜಡವಲ್ಲದ ಆತ್ಮಕ್ಕೂ ಕೊಂಡಿ ಎಲ್ಲಿ ಬೀಳ್ತದೆ? ಇನ್ನೊಂದು, ಪ್ರಾಣ ಹೋಗುವಾಗ ದೇಹ 21 ಗ್ರಾಂ ಹಗುರಾಗ್ತದೆ ಅನ್ನೋ ಫಾರ್ವರ್ಡ್ ಪಕ್ಷಮಾಸ ಬಂತೆಂದರೆ ವಾಟ್ಸಾಪ್ ತುಂಬ ಸುತ್ತುತ್ತದಲ್ಲ, ಅದರ ಅಸಲು ಏನು?

ದರ್ಭೆಕಟ್ಟು:
ಅನ್ನ ಸೀದಾ ಆತ್ಮಕ್ಕೆ ಹೋಗ್ತದೆ ಅಂತ ಧರ್ಮಶಾಸ್ತ್ರ ಹೇಳೋದಿಲ್ಲ. ನಡುವೆ ಎರಡು ಏರ್ಪಾಡು ಇವೆ.

ಮೊದಲನೆಯದು ಹತ್ತು ದಿನದ್ದು. ಗರುಡಪುರಾಣದ ಪ್ರಕಾರ ದಿನಕ್ಕೊಂದು ಪಿಂಡದಿಂದ ಮೊಳದುದ್ದದ ಶರೀರ ಕಟ್ಟಿಕೊಳ್ತದೆ. 1ನೇ ದಿನ ತಲೆ, 2ಕ್ಕೆ ಕತ್ತು ಮತ್ತು ಹೆಗಲು, 3ಕ್ಕೆ ಎದೆ, ಹೀಗೆ ಇಳಿಯುತ್ತ 9ಕ್ಕೆ ಪಾದ. 10ನೇ ದಿನದ್ದರಿಂದ ಅಂಗ ಹುಟ್ಟೋದಿಲ್ಲ, ಹಸಿವು ಬಾಯಾರಿಕೆ ಹುಟ್ಟುತ್ತವೆ. ಉಣ್ಣುವ ಯೋಗ್ಯತೆ ಬರೋದೇ ಕಡೆಗೆ. 12ನೇ ದಿನ ಸಪಿಂಡೀಕರಣ: ಪ್ರೇತಪಿಂಡವನ್ನು ಮೂರು ಭಾಗ ಮಾಡಿ, ತೀರಿಕೊಂಡವರ ಅಪ್ಪ, ಅಜ್ಜ, ಮುತ್ತಜ್ಜನ ಪಿಂಡಗಳಿಗೆ ಒಂದೊಂದನ್ನು ಬೆರೆಸಬೇಕು. ಅಲ್ಲಿಗೆ ಪ್ರೇತತ್ವ ಕಳೆದು ಪಿತೃಗಳ ಸಾಲು ಸಿಕ್ಕಿತು.

ಎರಡನೆಯದು ವರ್ಷದ ತಿಥಿಯದ್ದು. ತಂದೆ ವಸುರೂಪ, ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ. ತೃಪ್ತಿ ಆಗೋದು ಈ ಶ್ರಾದ್ಧದೇವತೆಗಳಿಗೆ. ಅವರು ನಾಮಗೋತ್ರದ ಗುರುತು ಹಿಡಿದು, ಜೀವ ಈಗ ಯಾವ ಜನ್ಮದಲ್ಲಿದೆಯೋ ಅದಕ್ಕೆ ಒಗ್ಗುವ ರೂಪದಲ್ಲಿ ಮುಟ್ಟಿಸ್ತಾರೆ. ದೇವಜನ್ಮವಾದರೆ ಅಮೃತ, ಪಶುವಾದರೆ ಹುಲ್ಲು, ಹಾವಾದರೆ ಗಾಳಿ. ಕಾಗೆ ತಿಂದ ಅನ್ನ ಕಾಗೆಗೇ ಹೋಯ್ತು, ಅದರಲ್ಲಿ ತಕರಾರೇನಿಲ್ಲ.

ಪಿಂಡ ಇಟ್ಟಾದ ಮೇಲೆ ಅಂಗೈಗೆ ಮೆತ್ತಿಕೊಂಡ ಅಗುಳು ಇರ್ತದಲ್ಲ, ಸುಮಾರು ಜನ ತಂಬಿಗೆ ನೀರಲ್ಲಿ ಕೈ ತೊಳೆದು ಏಳ್ತಾರೆ. ಹಾಗೆ ಮಾಡೋದಲ್ಲ. ಅದನ್ನು ಪಿಂಡದ ಕೆಳಗಿನ ದರ್ಭೆಯ ಬುಡಕ್ಕೆ ಒರೆಸಬೇಕು. ಅದು ಲೇಪಭಾಗ, 4, 5, 6ನೇ ತಲೆಮಾರಿನವರ ಪಾಲು. ಎಳ್ಳುನೀರು ಬೆರಳ ತುದಿಯಿಂದ ಬಿಟ್ಟರೆ ಅದು ದೇವತರ್ಪಣದ ಕ್ರಮ. ಪಿತೃಗಳಿಗೆ ಹೆಬ್ಬೆರಳು ತೋರುಬೆರಳ ನಡುವಿನಿಂದ, ಜನಿವಾರ ಬಲ ಹೆಗಲಿಗೆ ಹಾಕಿ, ದಕ್ಷಿಣಕ್ಕೆ ಮುಖ ಮಾಡಿ. ಎಳ್ಳು ಕರಿದೇ ಆಗಬೇಕು.

ಎಲ್ಲಕ್ಕಿಂತ ಹೆಚ್ಚು ಕೆಡೋದು ಹೊತ್ತು. ಬಸ್ಸು ಹಿಡೀಬೇಕು ಅಂತ ಬೆಳಿಗ್ಗೆ 8ಕ್ಕೇ ಮುಗಿಸ್ತಾರೆ. ಹಗಲನ್ನು 15 ಮುಹೂರ್ತ ಮಾಡಿದರೆ 8ನೆಯದು ಕುತಪ, ಆರಂಭ ಅಲ್ಲಿಂದ. ಸೂರ್ಯೋದಯ 6:15, ಅಸ್ತ 6:45 ಇರುವ ದಿನ ಮುಹೂರ್ತಕ್ಕೆ 50 ನಿಮಿಷ, ಕುತಪ 12:05ರಿಂದ 12:55. ಅಪರಾಹ್ಣ, ಅಂದರೆ 10ರಿಂದ 12ನೇ ಮುಹೂರ್ತ, 1:45ರಿಂದ 4:15. ತಿಥಿ ಯಾವ ದಿನ ಹಿಡೀಬೇಕು ಅನ್ನೋದು ಈ ಅಪರಾಹ್ಣ ನೋಡಿ, ಸೂರ್ಯೋದಯ ನೋಡಿ ಅಲ್ಲ.

ಸೋಂದೆ ರಸ್ತೆ:
ದೇವತೆಗಳನ್ನು ನಡುವೆ ತಂದರೆ ಪ್ರಶ್ನೆ ಮುಂದೆ ಹೋಯ್ತೇ ವಿನಾ ಮುಗಿಯಲಿಲ್ಲ. ಪರಲೋಕವನ್ನೇ ಒಪ್ಪದ ಚಾರ್ವಾಕರು ಇದನ್ನೇ ಹಿಡಿದದ್ದು: ಇಲ್ಲಿ ಕೊಟ್ಟದ್ದು ಸ್ವರ್ಗಕ್ಕೆ ತಲುಪೋದಾದರೆ ಮಹಡಿ ಮೇಲೆ ಕೂತವನಿಗೆ ಕೆಳಗಿಂದಲೇ ಯಾಕೆ ಬಡಿಸಬಾರದು? ಮಾಧವಾಚಾರ್ಯರು 14ನೇ ಶತಮಾನದ ಸರ್ವದರ್ಶನಸಂಗ್ರಹದಲ್ಲಿ ಇದನ್ನು ದಾಖಲಿಸಿದ್ದಾರೆ.

ಉತ್ತರ ಬೇಕಾದವರು ದೂರ ಹೋಗೋದು ಬೇಡ. ಶಿರಸಿ ತಾಲೂಕಿನ ಸೋಂದೆಯೊಂದರಲ್ಲೇ ಅದ್ವೈತದ ಸ್ವರ್ಣವಲ್ಲಿ ಮಠ, ದ್ವೈತದ ವಾದಿರಾಜ ಮಠ, ಜೈನ ಮಠ ಮೂರೂ ಇವೆ, ಮೂರರದ್ದೂ ಬೇರೆ ಬೇರೆ ದರ್ಶನ.

ಅದ್ವೈತದಲ್ಲಿ ಲೋಕಾಂತರಕ್ಕೆ ಹೋಗೋದು ಆತ್ಮವಲ್ಲ, ಸೂಕ್ಷ್ಮಶರೀರ. ಅದಕ್ಕೆ 17 ಅವಯವ: ಜ್ಞಾನೇಂದ್ರಿಯ 5, ಕರ್ಮೇಂದ್ರಿಯ 5, ಪ್ರಾಣ 5, ಮನಸ್ಸು, ಬುದ್ಧಿ. ಇವೆಲ್ಲ ಸೂಕ್ಷ್ಮಭೂತಗಳಿಂದಾದವು, ಅಂದರೆ ಜಡವೇ. ಮನಸ್ಸೂ ಜಡ ಅನ್ನೋದನ್ನು ಜನ ಮರೀತಾರೆ, ಗೊಂದಲ ಅಲ್ಲೇ ಶುರು. ಜಡಕ್ಕೂ ಜಡಕ್ಕೂ ವ್ಯವಹಾರ ನಡೀತದೆ, ಆತ್ಮ ಸಾಕ್ಷಿ ಮಾತ್ರ. "ನಾನು ಮಾಡಿದೆ" ಅನ್ನೋದು ಅಧ್ಯಾಸ, ಒಂದರ ಗುಣವನ್ನು ಇನ್ನೊಂದರದ್ದು ಅಂದುಕೊಳ್ಳೋ ತಪ್ಪು. ಹಾಗಾಗಿ ಅಲ್ಲಿ ಕೊಂಡಿಯೇ ಬೇಕಿಲ್ಲ.

ದ್ವೈತದಲ್ಲಿ ಜೀವ ಅಣು. ಹೃದಯದಲ್ಲಿದ್ದೂ ಇಡೀ ಮೈಯ ಅರಿವು ಹೇಗೆ ಅಂದರೆ ಬ್ರಹ್ಮಸೂತ್ರವೇ ಗಂಧದ ಹನಿಯ ದೃಷ್ಟಾಂತ ಕೊಡ್ತದೆ: ಒಂದು ಕಡೆ ಹಚ್ಚಿದರೂ ತಂಪು ಮೈಗೆಲ್ಲ. ಇನ್ನು ಜೀವವೂ ಜಡವೂ ಸ್ವತಂತ್ರವಲ್ಲ, ಎರಡನ್ನೂ ನಡೆಸೋನು ಹರಿ. ಕೊಂಡಿ ಅವನೇ.

ಜೈನರದ್ದು ಬಹಳ ಖಡಾಖಡಿ. ಕರ್ಮ ಅಂದರೆ ನಿಜವಾದ ಪುದ್ಗಲ, ಸೂಕ್ಷ್ಮ ದ್ರವ್ಯ, ಅದು ಜೀವಕ್ಕೆ ಅಂಟ್ತದೆ. ಜೀವ ಹೊಕ್ಕ ದೇಹದಷ್ಟೇ ಹಿಗ್ಗಿ ಕುಗ್ಗುತ್ತದೆ. ಸತ್ತ ಜೀವ ಆ ಕರ್ಮದ್ದೇ ಸೂಕ್ಷ್ಮದೇಹವಾದ ಕಾರ್ಮಣಶರೀರದ ಜೊತೆ ಹೊಸ ಹುಟ್ಟಿಗೆ ಹೋಗೋವಾಗ ಆಹಾರವಿಲ್ಲದೆ ಇರೋದು ಹೆಚ್ಚೆಂದರೆ ಮೂರು ಸಮಯ ಅಂತ ತತ್ತ್ವಾರ್ಥಸೂತ್ರ ಹೇಳ್ತದೆ. ಸಮಯ ಅಂದರೆ ಕಾಲದ ಅತಿ ಸಣ್ಣ ತುಂಡು. ಹತ್ತು ದಿನ ಕಾಯುವ ಪ್ರೇತಕ್ಕೆ ಅಲ್ಲಿ ಜಾಗವೇ ಇಲ್ಲ, ಪಿಂಡವೂ ಇಲ್ಲ. ಕೊಂಡಿಯ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಇವರೇ ಅಂತ ನನಗನ್ನಿಸ್ತದೆ.

ಕಾಳಿ ಸೇತುವೆ:
21 ಗ್ರಾಂ ಕತೆಗೆ ಬರ್ತೇನೆ. 1907ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಪ್ರಕಟಿಸಿದ ಪ್ರಯೋಗ. ಸಾಯುತ್ತಿದ್ದ 6 ರೋಗಿಗಳನ್ನು ಮಂಚ ಸಮೇತ ತಕ್ಕಡಿಗೆ ಹಾಕಿದರು. ಎರಡನ್ನು ಅವರೇ ಲೆಕ್ಕದಿಂದ ತೆಗೆದರು. ಮುಕ್ಕಾಲು ಔನ್ಸ್, ಅಂದರೆ ಸುಮಾರು 21 ಗ್ರಾಂ, ಬಂದದ್ದು ಒಬ್ಬರದ್ದು ಮಾತ್ರ. ಉಳಿದವು ಒಂದಕ್ಕೊಂದು ತಾಳೆಯಾಗಲಿಲ್ಲ. ತಕ್ಕಡಿಯ ಸೂಕ್ಷ್ಮತೆಯೇ ಔನ್ಸಿನ ಹತ್ತರಲ್ಲೆರಡು ಭಾಗ, 5-6 ಗ್ರಾಂ. ಸಾವಿನ ಕ್ಷಣ ಯಾವುದು ಅಂತ ನಿಖರವಾಗಿ ಹಿಡಿಯೋದೂ ಕಷ್ಟ. 15 ನಾಯಿಗಳಲ್ಲಿ ತೂಕ ಇಳೀಲಿಲ್ಲ, ಆದ್ದರಿಂದ ನಾಯಿಗೆ ಆತ್ಮ ಇಲ್ಲ ಅಂದರು. ಇನ್ನೊಬ್ಬ ವೈದ್ಯ ಕ್ಲಾರ್ಕ್ ಆಗಲೇ ಕೇಳಿದ್ದು: ಉಸಿರು ನಿಂತರೆ ರಕ್ತ ತಣಿಯೋದಿಲ್ಲ, ಮೈ ಬಿಸಿ ಏರಿ ಬೆವರು ಆರ್ತದೆ, ನಾಯಿ ನಮ್ಮ ಹಾಗೆ ಬೆವರೋದಿಲ್ಲ, ಅಷ್ಟೇ ಯಾಕಾಗಿರಬಾರದು?

ಪಶ್ಚಿಮದಲ್ಲೂ ನಿಮ್ಮದೇ ಪ್ರಶ್ನೆ ಕೇಳಿದವಳು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್, ಆತ್ಮ, ದೇಹ ಬೇರೆ ಬೇರೆ ಅಂದ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ಗೆ 1643ರಲ್ಲಿ ಬರೆದ ಪತ್ರದಲ್ಲಿ. ವಸ್ತು ಕದಲಬೇಕಾದರೆ ತಳ್ಳು ಬೇಕು, ತಳ್ಳೋದಕ್ಕೆ ಮುಟ್ಟಬೇಕು. ಜಾಗವನ್ನೇ ಆಕ್ರಮಿಸದ ಆತ್ಮ ಮುಟ್ಟೋದು ಹೇಗೆ? ಆತ 1649ರಲ್ಲಿ ಮಿದುಳಿನ ಪೀನಿಯಲ್ ಗ್ರಂಥಿಯನ್ನು ತೋರಿಸಿದ. ಅದು ಎಲ್ಲಿ ಅನ್ನೋದಕ್ಕೆ ಉತ್ತರ, ಹೇಗೆ ಅನ್ನೋದಕ್ಕಲ್ಲ. ಅದಕ್ಕೂ ಮುಂಚೆಯೇ ಅವಳು, ಇದಕ್ಕಿಂತ ಆತ್ಮಕ್ಕೇ ಒಂದಿಷ್ಟು ದ್ರವ್ಯತ್ವ ಒಪ್ಪೋದು ಸುಲಭ ಅಂತ ಬರೆದಾಗಿತ್ತು. ಸೋಂದೆ ರಸ್ತೆಯವರ ಜೈನರ ಹತ್ತಿರವೇ ಬಂದು ನಿಂತಳಲ್ಲ!

ಪರೀಕ್ಷೆ ಮಾಡಿ ನೋಡೋಣ ಅಂದರೆ ವೈದ್ಯ ಸ್ಯಾಮ್ ಪಾರ್ನಿಯಾ ತಂಡದ 2014ರ ಅಧ್ಯಯನ ಇದೆ. ಹೃದಯ ನಿಂತವರು "ಮೇಲಿಂದ ನೋಡಿದೆ" ಅಂದರೆ ತಾಳೆ ನೋಡಲು ಆಸ್ಪತ್ರೆಗಳಲ್ಲಿ ಎತ್ತರಕ್ಕೆ ಹಲಗೆ ಹೊಡೆದು, ಮೇಲಿಂದ ಮಾತ್ರ ಕಾಣುವ ಚಿತ್ರ ಇಟ್ಟರು. 2060 ಪ್ರಕರಣಗಳಲ್ಲಿ ಬದುಕಿ ಪೂರ್ತಿ ಸಂದರ್ಶನ ಕೊಟ್ಟವರು 101. ಆದರೆ 78 ಶೇಕಡಾ ಪ್ರಕರಣ ನಡೆದದ್ದು ಹಲಗೆ ಇಲ್ಲದ ಕೋಣೆಗಳಲ್ಲಿ. ಆ ಹೊತ್ತಲ್ಲಿ ಕಿವಿಗೆ ಬಿದ್ದದ್ದು ಅಂತ ಹೇಳಿದ್ದು ತಾಳೆಯಾದದ್ದು ಒಬ್ಬರದ್ದು, ಚಿತ್ರ ಕಂಡವರು ಯಾರೂ ಇಲ್ಲ.

ಅಘನಾಶಿನಿ ದಡ:
ದರ್ಭೆಕಟ್ಟು ಅವರೇ, ನಾಮಗೋತ್ರವೇ ವಿಳಾಸ ಅಂದ್ರಿ. ಅದೇ ಗೊತ್ತಿಲ್ಲದಿದ್ದರೆ?

ದರ್ಭೆಕಟ್ಟು:
ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ. ಹೆಸರು ಗೊತ್ತಿಲ್ಲದಿದ್ದರೆ ತಂದೆಗೆ ಪೃಥಿವೀಷತ್, ಅಜ್ಜನಿಗೆ ಅಂತರಿಕ್ಷಸತ್, ಮುತ್ತಜ್ಜನಿಗೆ ದಿವಿಷತ್. ತಿಂಗಳು ಗೊತ್ತು, ತಿಥಿ ಮರೆತಿದೆ ಅಂದರೆ ಆ ತಿಂಗಳ ಅಮಾವಾಸ್ಯೆ.

ಸೋಂದೆ ರಸ್ತೆ:
ಹಾಗಾದರೆ ವಿಳಾಸ ಇಲ್ಲದೆಯೂ ಮುಟ್ತದೆ ಅಂತಾಯ್ತಲ್ಲ?

ದರ್ಭೆಕಟ್ಟು:
ವೇದದ ವಿಧಿಗಳ ಅರ್ಥ ವಿಚಾರಿಸುವ ಮೀಮಾಂಸಕರು ಸಾಗಾಟದ ಮಾತೇ ಆಡೋದಿಲ್ಲ. ವಿಧಿಯಂತೆ ಮಾಡಿದ ಕರ್ಮದಿಂದ ಅಪೂರ್ವ ಅನ್ನೋ ಕಣ್ಣಿಗೆ ಕಾಣದ ಶಕ್ತಿ ಹುಟ್ತದೆ, ಫಲ ಕೊಡೋದು ಅದು. ಫಲ ಮಾಡಿದವನಿಗೇ ಅನ್ನೋದು ಸಾಮಾನ್ಯ ನಿಯಮ ಹೌದು, ಆದರೆ ಮಗ ಹುಟ್ಟಿದಾಗಿನ ಜಾತೇಷ್ಟಿ ಯಾಗವನ್ನು ಅಪ್ಪ ಮಾಡಿದರೂ ಫಲ ಮಗನಿಗೆ ಅಂತ ಅವರೇ ತೀರ್ಮಾನಿಸಿದ್ದಾರೆ. ಶ್ರಾದ್ಧದಲ್ಲಿ ಅದೇ ತಿರುವುಮುರುವು, ಮಗ ಮಾಡಿದ್ದು ಅಪ್ಪನಿಗೆ.

ಹೆಸರು, ಗೋತ್ರ ಗೊತ್ತಿಲ್ಲದವರು ಪುರೋಹಿತರಿಗೆ ಹಿಂದಿನ ದಿನವೇ ಹೇಳಿಬಿಡಿ. ಸಂಕಲ್ಪಕ್ಕೆ ಕೂತ ಮೇಲೆ ಊರಿಗೆ ಫೋನ್ ಹಚ್ಚಿ ವಿಚಾರಿಸ್ತಾ ಕುತಪ ದಾಟಿಸೋರೇ ಜಾಸ್ತಿ.